ಕವಚ ಬೇರೆ, ಕೇಬಲ್ ಬೇರೆ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಹಳೆಯ ಮಿಲ್ಲಿಂಗ್ ಮಷಿನ್‌ಗೆ ಡಿಆರ್‌ಒ, ಅಂದರೆ ಟೇಬಲ್ ಸರಿದ ಅಳತೆ ತೋರಿಸುವ ಡಿಜಿಟಲ್ ರೀಡ್‌ಔಟ್, ಹಾಕಿಸಿದ್ದೇನೆ. ಮೊದಲು ಚೆನ್ನಾಗಿಯೇ ಇತ್ತು. ಈಗ ಎಕ್ಸ್ ಆಕ್ಸಿಸ್‌ನ ರೀಡಿಂಗ್ ಇದ್ದಕ್ಕಿದ್ದಂತೆ ಜಿಗಿಯುತ್ತದೆ. ಬೋರ್ ಸೆಂಟರ್ ತಪ್ಪಿ ಜಾಬ್ ರಿಜೆಕ್ಟ್ ಆಗುತ್ತಿದೆ. ಸ್ಕೇಲ್‌ನಿಂದ ಬರುವ ಕೇಬಲ್ ಮೇಲಿನ ಸ್ಟೀಲ್ ಸುರುಳಿ ಒಂದು ಕಡೆ ಬಿಟ್ಟುಕೊಂಡು ಒಳಗಿನ ವೈರ್ ಕಾಣುತ್ತಿದೆ. ಅಂಗಡಿಯಲ್ಲಿ ‘ಆರ್ಮರ್ಡ್ ಕೇಬಲ್’ ಕೇಳಿದರೆ ನೆಲದಲ್ಲಿ ಹೂಳುವ ದಪ್ಪ ಕೇಬಲ್ ತೋರಿಸುತ್ತಾರೆ. ಆಪರೇಟರ್ ಹುಡುಗನ ಬೇಜವಾಬ್ದಾರಿಯಿಂದಲೇ ಹೀಗಾಯಿತೆಂದು ಅವನಿಗೆ ಬೈದಿದ್ದೇನೆ. ಹೋದ ಜಾಬಿನ ದುಡ್ಡನ್ನು ಅವನ ಸಂಬಳದಲ್ಲಿ ಹಿಡಿಯಬೇಕೆಂದೂ ಅನ್ನಿಸುತ್ತಿದೆ. ಬಾಗುವಂಥ, ಕವಚವಿರುವ ಸಿಗ್ನಲ್ ಕೇಬಲ್ ಎಲ್ಲಿ ಸಿಗುತ್ತದೆ? ದಯವಿಟ್ಟು ತಿಳಿಸಿ.
— ಹೆಸರು ಬೇಡ, ಬೆಳಗಾವಿ

ಉತ್ತರ: ಸಂಬಳದ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಬರೆದಿರುವ ಲಕ್ಷಣ ನೋಡಿದರೆ ದೋಷ ಹುಡುಗನಿಗಿಂತ ಕೇಬಲ್‌ನಲ್ಲಿರುವ ಸಾಧ್ಯತೆಯೇ ಹೆಚ್ಚು. ಇಂಥ ಮಷಿನ್‌ಗಳಿಗೆ ಹಾಕುವ ಸಾಮಾನ್ಯ ಗಾಜಿನ ಸ್ಕೇಲ್, ಟೇಬಲ್ ಎಲ್ಲಿದೆಯೆಂದು ನೆನಪಿಟ್ಟುಕೊಳ್ಳುವುದಿಲ್ಲ. ಟೇಬಲ್ ಸರಿದಂತೆ ಪಲ್ಸ್ ಕಳಿಸುತ್ತದೆ, ಡಿಸ್‌ಪ್ಲೇ ಅವನ್ನು ಎಣಿಸುತ್ತಾ ಹೋಗುತ್ತದೆ. ಒಂದೊಂದು ಎಣಿಕೆ ಸಾಮಾನ್ಯವಾಗಿ 0.005 ಮಿ.ಮೀ. ಒಳಗಿನ ವೈರ್ ತುಂಡಾಗಿ ಟೇಬಲ್ ಸರಿಯುವಾಗ ಕ್ಷಣಮಾತ್ರ ಸಂಪರ್ಕ ತಪ್ಪಿ 200 ಎಣಿಕೆ ಹೋದರೂ ಸೆಂಟರ್ 1 ಮಿ.ಮೀ. ಆಚೆ ಬೀಳುತ್ತದೆ. ಹೋದ ಎಣಿಕೆ ತಾನಾಗಿ ವಾಪಸ್ ಬರುವುದಿಲ್ಲ. ಆಪರೇಟರ್ ಎಷ್ಟೇ ನುರಿತವನಾಗಿರಲಿ, ಕಣ್ಣೆದುರಿನ ಅಂಕಿಯನ್ನು ನಂಬಿಯೇ ಕೆಲಸ ಮಾಡಬೇಕು. ಆ ಅಂಕಿಯೇ ಸುಳ್ಳಾದರೆ ಅವನೇನು ಮಾಡಿಯಾನು?

ಹೊಸ ಕೇಬಲ್ ಹುಡುಕುವ ಮುಂಚೆ ಕಾಯಿಲೆ ಯಾವುದೆಂದು ಖಚಿತಪಡಿಸಿಕೊಳ್ಳಿ. ಸ್ಪಿಂಡಲ್ ಬಂದ್ ಮಾಡಿ, ಡಿಆರ್‌ಒ ಮಾತ್ರ ಆನ್ ಇಟ್ಟು, ಟೇಬಲ್ ಅಲುಗದಂತೆ ಲಾಕ್ ಮಾಡಿ. ಈಗ ಕೇಬಲನ್ನು ಸ್ಕೇಲ್ ಕಡೆಯಿಂದ ಡಿಸ್‌ಪ್ಲೇವರೆಗೆ ಗೇಣುಗೇಣಾಗಿ ಮೆಲ್ಲಗೆ ಬಾಗಿಸುತ್ತಾ ಬನ್ನಿ. ಅಂಕಿ ಕದಲಿದರೆ ಅಲ್ಲೇ ವೈರ್ ಮುರಿದಿದೆ ಅಥವಾ ಪಿನ್ ಸಡಿಲವಾಗಿದೆ. ಇದಕ್ಕೆ ಬದಲು, ಕೈಯಲ್ಲಿ ಬಾಗಿಸಿದಾಗ ಏನೂ ಆಗದೆ ಸ್ಪಿಂಡಲ್ ಓಡುವಾಗ ಮಾತ್ರ ಅಂಕಿ ಜಿಗಿದರೆ ಅದು ಹೆಚ್ಚಾಗಿ ವಿದ್ಯುತ್ ಗದ್ದಲ. ಮೋಟರ್‌ಗೆ ವಿಎಫ್‌ಡಿ (ವೇಗ ಬದಲಿಸುವ ಡ್ರೈವ್) ಇದ್ದರಂತೂ ಮೊದಲ ಅನುಮಾನ ಅದರ ಮೇಲೇ ಇರಲಿ.

ಇನ್ನೊಂದು ಪರೀಕ್ಷೆ: ಡಿಆರ್‌ಒ ಆಫ್ ಮಾಡಿ, ಎಕ್ಸ್ ಮತ್ತು ವೈ ಕನೆಕ್ಟರ್‌ಗಳನ್ನು ಅದಲುಬದಲು ಹಾಕಿ. ಎರಡೂ ಸ್ಕೇಲ್ ಒಂದೇ ಮಾದರಿ, ಒಂದೇ ರೆಸಲ್ಯೂಶನ್ ಆಗಿದ್ದರೆ ಮಾತ್ರ ಹೀಗೆ ಮಾಡಬೇಕು. ಜಿಗಿತ ವೈ ಅಂಕಿಗೆ ಹೋದರೆ ದೋಷ ಸ್ಕೇಲ್ ಅಥವಾ ಕೇಬಲ್‌ನದು. ಎಕ್ಸ್‌ನಲ್ಲೇ ಉಳಿದರೆ ಡಿಸ್‌ಪ್ಲೇಯದು. ಈ ಪರೀಕ್ಷೆಗಳನ್ನು ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಿ. ಮಷಿನ್ ಯಾವಾಗ, ಯಾವ ಕಟ್‌ನಲ್ಲಿ ತಪ್ಪುತ್ತದೆ ಎಂಬುದು ನಿಮಗಿಂತ ಚೆನ್ನಾಗಿ ಅವನಿಗೆ ಗೊತ್ತು. ಬೈಸಿಕೊಂಡ ಹೆದರಿಕೆಯಲ್ಲಿ ಇಷ್ಟು ದಿನ ಬಾಯಿ ಬಿಟ್ಟಿರಲಾರ.

ಇನ್ನು ಅಂಗಡಿಯ ವಿಷಯ. ನಿಮ್ಮನ್ನು ಅಲ್ಲಿ ದಾರಿ ತಪ್ಪಿಸಿದ್ದು ‘ಆರ್ಮರ್ಡ್’ ಎಂಬ ಒಂದೇ ಮಾತು. ಎಲೆಕ್ಟ್ರಿಕಲ್ ಅಂಗಡಿಯವರಿಗೆ ಅದು ಜಿಐ ತಂತಿ ಸುತ್ತಿದ ಪವರ್ ಕೇಬಲ್. ಒಮ್ಮೆ ಹಾಸಿ ಮುಚ್ಚಿದರೆ ಮತ್ತೆ ಅಲುಗಬಾರದ ಸಾಮಾನು ಅದು. ದಿನವಿಡೀ ಓಡಾಡುವ ಟೇಬಲ್‌ಗೆ ಒಗ್ಗುವುದೇ ಇಲ್ಲ. ನಿಮಗೆ ಬೇಕಾದದ್ದು ಹೆಲ್ತ್ ಫಾಸೆಟ್‌ನ ಸ್ಟೀಲ್ ಪೈಪ್‌ನಂತೆ ಪಟ್ಟಿಯ ಅಂಚಿಗೆ ಅಂಚು ಸಿಕ್ಕಿಸಿ ಸುತ್ತಿದ ಹೋಸ್, ಅದರೊಳಗೆ ತೆಳ್ಳನೆಯ ಸಿಗ್ನಲ್ ಕೇಬಲ್. ಇವೆರಡೂ ಜೋಡಿಸಿದ ರೂಪದಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವುದು ಕಷ್ಟ. ಬೇರೆ ಬೇರೆ ಕೇಳಿದರೆ ಎರಡೂ ಸುಲಭವಾಗಿ ಸಿಗುತ್ತವೆ. ಆದ್ದರಿಂದ ಮೂರು ಕೆಲಸಗಳನ್ನು ಮನಸ್ಸಿನಲ್ಲಿ ಬೇರೆ ಮಾಡಿಕೊಳ್ಳಿ: ಪೆಟ್ಟು ತಡೆಯುವುದು ಹೊರಗಿನ ಸ್ಟೀಲ್ ಹೋಸ್, ವಿದ್ಯುತ್ ಗದ್ದಲ ತಡೆಯುವುದು ಕೇಬಲ್ ಒಳಗಿನ ತಾಮ್ರದ ಜಾಲರಿ, ಅಂದರೆ ಶೀಲ್ಡ್, ಮತ್ತೆ ಮತ್ತೆ ಬಾಗಿದರೂ ಮುರಿಯದಿರುವುದು ಸಣ್ಣ ಎಳೆಗಳ ವೈರ್. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಸ್ಟೀಲ್ ಹೋಸ್ ಏಕೆ ಬೇಕೆಂಬುದನ್ನು ನಿಮ್ಮ ಮಷಿನ್ ಮೇಲೇ ನೋಡಬಹುದು. ಕೂಲೆಂಟ್ ಇಲ್ಲದೆ ಉಕ್ಕು ಕೊರೆಯುವಾಗ ಹಾರಿ ಬರುವ ನೀಲಿ ಬಣ್ಣದ ಚಿಪ್ ಹೆಚ್ಚುಕಡಿಮೆ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ಸಾಮಾನ್ಯ ಪಿವಿಸಿ ವೈರ್ ತಾಳುವ ಮಿತಿ 70 ಡಿಗ್ರಿ. ಆ ಚಿಪ್ ಬಂದು ಕೂತಲ್ಲೆಲ್ಲ ಪಿವಿಸಿ ಕರಗಿ ಗುಳಿ ಬೀಳುತ್ತದೆ, ಆ ಗುಳಿಗೆ ಕೂಲೆಂಟ್ ಇಳಿಯುತ್ತದೆ. ಪಿವಿಸಿ ಲೇಪನವಿರುವ ಫ್ಲೆಕ್ಸಿಬಲ್ ಪೈಪ್ ಕೂಲೆಂಟ್ ತಡೆದರೂ ಬಿಸಿ ಚಿಪ್ ಅದನ್ನೂ ಸುಡುತ್ತದೆ. ಅದು ಮಷಿನ್ ಹಿಂಭಾಗಕ್ಕಿರಲಿ. ಹಾಗೆಂದು ಬರೀ ಸ್ಟೀಲ್ ಹೋಸ್ ನೀರು ತಡೆಯುತ್ತದೆಂದು ತಿಳಿಯಬೇಡಿ. ಸುತ್ತುಗಳ ಸಂದಿನಲ್ಲಿ ಕೂಲೆಂಟ್ ಜಿನುಗಿಯೇ ಜಿನುಗುತ್ತದೆ. ಹಾಗಾಗಿ ಒಳಗಿನ ಕೇಬಲ್‌ನ ಹೊದಿಕೆ ಎಣ್ಣೆ, ಕೂಲೆಂಟ್ ತಾಳುವ ಪಿಯುಆರ್ (ಪಾಲಿಯುರೆಥೇನ್) ಆಗಿರಬೇಕು.

ಅಂಗಡಿಗೆ ಹೋಗುವಾಗ ಈ ಚೀಟಿ ಒಯ್ಯಿರಿ:

1. ಕೇಬಲ್: ಸಣ್ಣ ಎಳೆಗಳ ತಾಮ್ರ, ಜೋಡಿ ಜೋಡಿಯಾಗಿ ಹೊಸೆದ 8 ಕೋರ್, ಕೋರ್ ಒಂದಕ್ಕೆ 0.14 ಅಥವಾ 0.25 ಚದರ ಮಿ.ಮೀ., ತವರ ಲೇಪಿತ ತಾಮ್ರದ ಜಾಲರಿ ಶೀಲ್ಡ್, ಪಿಯುಆರ್ ಹೊದಿಕೆ. ‘ಡ್ರ್ಯಾಗ್ ಚೈನ್ ಗ್ರೇಡ್’ ಅಥವಾ ‘ಕ್ಲಾಸ್ 6’ ಎಂದು ಒತ್ತಿ ಕೇಳಿ.

2. ಹೋಸ್: ಎಸ್‌ಎಸ್ 304, ಡಬಲ್ ಇಂಟರ್‌ಲಾಕ್. ಕೇಬಲ್ 5 ಮಿ.ಮೀ. ದಪ್ಪವಿದ್ದರೆ ಹೋಸ್‌ನ ಒಳ ಅಳತೆ 8 ಮಿ.ಮೀ. ಇರಲಿ. ಬಿಗಿಯಾದರೆ ಬಾಗುವಾಗ ಕೇಬಲ್‌ಗೆ ಸರಿಯಲು ಜಾಗವಿರುವುದಿಲ್ಲ. ಸಿಂಗಲ್ ಲಾಕ್ ಹೋಸ್ ಹೆಚ್ಚು ಬಾಗುತ್ತದೆ, ಆದರೆ ಎಳೆದರೆ ಸುತ್ತು ಬಿಟ್ಟುಕೊಳ್ಳುತ್ತದೆ.

3. ಹೋಸ್‌ನ ಎರಡೂ ತುದಿಗೆ ಫೆರೂಲ್, ಹೊಂದುವ ಗ್ಲ್ಯಾಂಡ್, ಮಷಿನ್ ಬಾಡಿಗೆ ಬಿಗಿಯಲು ಪಿ ಕ್ಲಿಪ್, ಲೋಹದ ಹುಡ್ ಇರುವ ಕನೆಕ್ಟರ್.

ಮೊದಲು ಡಿಆರ್‌ಒ ಕೊಟ್ಟವರನ್ನೇ ಕೇಳಿ. ಸ್ಟೀಲ್ ಹೋಸ್ ಸಮೇತ ತಯಾರಾದ ಕೇಬಲ್ ಅವರಲ್ಲಿದ್ದರೆ ಅದೇ ಒಳ್ಳೆಯದು. ಇಲ್ಲವಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಮುಂಬೈಯ ಲೋಹಾರ್ ಚಾಳದಲ್ಲೋ ವಿಚಾರಿಸಿ. ಕೈಗಾರಿಕಾ ಕೇಬಲ್ ಮಾಡುವ ಕಂಪನಿಗಳ ಡೀಲರ್‌ಗಳಿಗೆ ಈ ಚೀಟಿಯ ಫೋಟೊ ಕಳಿಸಿದರೂ ಆಯಿತು. ಹೆಸರಿಗಿಂತ ಡೇಟಾ ಶೀಟ್ ಮುಖ್ಯ. ಚಲಿಸುವಾಗಿನ ಬಾಗುವಿಕೆಯ ಕನಿಷ್ಠ ತ್ರಿಜ್ಯ ಎಷ್ಟೆಂದು ಅದರಲ್ಲಿ ಬರೆದಿರದಿದ್ದರೆ ಆ ಕೇಬಲ್ ಬೇಡ.

ಜೋಡಿಸುವಾಗ ಅವಸರ ಮಾಡಬೇಡಿ. ಕನೆಕ್ಟರ್ ಒಂದೇ ಆಕಾರದಲ್ಲಿದ್ದರೂ ಪಿನ್‌ಗಳ ಕ್ರಮ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. 5 ವೋಲ್ಟ್ ತಪ್ಪು ಪಿನ್‌ಗೆ ಹೋದರೆ ಸ್ಕೇಲ್‌ನ ಹೆಡ್ಡೇ ಸುಡಬಹುದು. ಹಳೆಯ ಕೇಬಲ್ ಕತ್ತರಿಸುವ ಮೊದಲು ಮಲ್ಟಿಮೀಟರ್‌ನಿಂದ ಪಿನ್ ಪಿನ್ ನೋಡಿ ಬರೆದಿಟ್ಟುಕೊಳ್ಳಿ. ಮುರಿದ ವೈರ್ ಸಂಪರ್ಕ ತೋರಿಸದೆಯೂ ಇರಬಹುದು; ಆಗ ವೈ ಆಕ್ಸಿಸ್‌ನ ಕೇಬಲ್‌ಗೆ ಹೋಲಿಸಿ. ಕೇಬಲ್ ಸ್ಕೇಲ್ ಹೆಡ್‌ನೊಳಗೇ ಮೋಲ್ಡ್ ಆಗಿದ್ದರೆ ಹೆಡ್ ಬಿಚ್ಚಲು ಹೋಗಬೇಡಿ. ಗಟ್ಟಿಯಿರುವ ಭಾಗದಲ್ಲಿ ಕತ್ತರಿಸಿ, ಒಂದೊಂದೇ ವೈರ್ ಸೋಲ್ಡರ್ ಮಾಡಿ, ಸ್ಲೀವ್ ಹಾಕಿ, ಶೀಲ್ಡ್ ಕೂಡ ಮುಂದುವರಿಯುವಂತೆ ಬೆಸೆದು, ಆ ಜೋಡಣೆಯನ್ನು ಅಲುಗದ ಜಾಗದಲ್ಲಿ ಚಿಕ್ಕ ಲೋಹದ ಡಬ್ಬಿಯೊಳಗೆ ಭದ್ರಪಡಿಸಿ.

ಹೋಸ್ ಕತ್ತರಿಸುವ ಜಾಗಕ್ಕೆ ಟೇಪ್ ಬಿಗಿಯಾಗಿ ಸುತ್ತಿ, ಒಳಗೊಂದು ಮರದ ಕಡ್ಡಿ ತೂರಿಸಿ, ಸಣ್ಣ ಹಲ್ಲಿನ ಹ್ಯಾಕ್‌ಸಾ ಬ್ಲೇಡ್‌ನಿಂದ ಕತ್ತರಿಸಿ. ಕತ್ತರಿಸಿದ ಅಂಚು ಬ್ಲೇಡಿನಷ್ಟೇ ಹರಿತ. ಬರ್ ತೆಗೆದು ಫೆರೂಲ್ ಹಾಕದೆ ಕೇಬಲ್ ತೂರಿಸಿದರೆ ಕಾಪಾಡಬೇಕಾದ ಕವಚವೇ ಹೊದಿಕೆಯನ್ನು ಸೀಳುತ್ತದೆ. ಕನೆಕ್ಟರ್ ಸೋಲ್ಡರ್ ಮಾಡುವುದು ಕೇಬಲ್ ತೂರಿಸಿದ ಮೇಲೆ. ಶೀಲ್ಡನ್ನು ಡಿಸ್‌ಪ್ಲೇ ಕಡೆಯ ಕನೆಕ್ಟರ್‌ನ ಲೋಹದ ಹುಡ್‌ಗೆ ಸೇರಿಸಿ. ಸ್ಕೇಲ್ ಕಡೆ ಹೇಗೆಂಬುದಕ್ಕೆ ತಯಾರಕರ ಕೈಪಿಡಿ ನೋಡಿ. ಸ್ಟೀಲ್ ಹೋಸ್ ಮಷಿನ್ ಬಾಡಿಗೆ ಅರ್ಥ್ ಆಗಿರಲಿ, ಆದರೆ ಅದನ್ನೇ ಸಿಗ್ನಲ್‌ನ ಸೊನ್ನೆ ವೋಲ್ಟ್ ವೈರ್ ಆಗಿ ಎಂದೂ ಬಳಸಬೇಡಿ. ಮೋಟರ್ ಕೇಬಲ್‌ನಿಂದ ಒಂದು ಗೇಣಾದರೂ ದೂರ ಇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಜೊತೆಜೊತೆಯಾಗಿ ಓಡಿಸಬೇಡಿ.

ಕೇಬಲ್ ಮುರಿಯುವುದು ಹೆಚ್ಚಾಗಿ ಕ್ಲ್ಯಾಂಪ್ ಪಕ್ಕದಲ್ಲೇ, ಸಾಕಷ್ಟು ಸಡಿಲ ಬಿಡದ ಕಾರಣಕ್ಕೆ. ಟೇಬಲನ್ನು ಎರಡೂ ಕೊನೆಗೆ ಒಯ್ದು ನೋಡಿ. ಯಾವ ಕೊನೆಯಲ್ಲೂ ಹೋಸ್ ಬಿಗಿಯಾಗಬಾರದು, ಸ್ಯಾಡಲ್‌ನಡಿ ಸಿಗಬಾರದು, ಚಿಪ್ ರಾಶಿಯಲ್ಲಿ ಹೂತುಹೋಗಬಾರದು. ಮಷಿನ್‌ಗಳ ವಿದ್ಯುತ್ ಭಾಗಕ್ಕಿರುವ ಐಇಸಿ 60204-1 ಮಾನದಂಡ, ಚಲಿಸುವ ಭಾಗಕ್ಕೂ ಕೇಬಲ್‌ಗೂ ನಡುವೆ 25 ಮಿ.ಮೀ. ಅಂತರ ಕೇಳುತ್ತದೆ. ಬಾಗಿನ ತ್ರಿಜ್ಯ ಕೇಬಲ್ ದಪ್ಪದ 10 ಪಟ್ಟಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ಸ್ಟೀಲ್ ಹೋಸ್‌ಗೆ ಡೇಟಾ ಶೀಟ್ ಇನ್ನೂ ದೊಡ್ಡ ಬಾಗು ಕೇಳಿದರೆ ಅದನ್ನೇ ಪಾಲಿಸಿ.

ಒಂದು ಎಚ್ಚರಿಕೆ. ಇಷ್ಟೆಲ್ಲ ಹೇಳಿದ್ದು ಕೈಯಿಂದ ತಿರುಗಿಸುವ, ನಿಧಾನವಾಗಿ ಸರಿಯುವ ಮಷಿನ್‌ಗೆ. ವೇಗವಾಗಿ ಹಿಂದೆ ಮುಂದೆ ಓಡುವ ಸಿಎನ್‌ಸಿ ಆಕ್ಸಿಸ್‌ಗೆ ಸ್ಟೀಲ್ ಹೋಸ್ ಸಲ್ಲದು. ಅದಕ್ಕೆಂದೇ ತಯಾರಿಸಿದ್ದಲ್ಲದ ಫ್ಲೆಕ್ಸಿಬಲ್ ಕಂಡ್ಯೂಟನ್ನು ಪದೇ ಪದೇ ವೇಗವಾಗಿ ಚಲಿಸುವ ಕಡೆ ಬಳಸಬಾರದೆಂದು ಅದೇ ಮಾನದಂಡ ಹೇಳುತ್ತದೆ. ಅಲ್ಲಿ ಮುಚ್ಚಿದ ಡ್ರ್ಯಾಗ್ ಚೈನ್, ಅದರೊಳಗೆ ಹೋಸ್ ಇಲ್ಲದ ಪಿಯುಆರ್ ಕೇಬಲ್ ಹಾಕಬೇಕು.

ಕೆಲಸ ಮುಗಿದ ಮೇಲೆ ಡಯಲ್ ಗೇಜ್ ಇಟ್ಟು, ಅದನ್ನೂ ಡಿಆರ್‌ಒ ಅಂಕಿಯನ್ನೂ ಸೊನ್ನೆ ಮಾಡಿ, ಟೇಬಲನ್ನು ಪೂರ್ತಿ ಓಡಿಸಿ ಅದೇ ಜಾಗಕ್ಕೆ ತನ್ನಿ. ಸ್ಪಿಂಡಲ್ ಬಂದ್ ಇದ್ದಾಗಲೂ ಓಡುವಾಗಲೂ ಗೇಜ್, ಡಿಆರ್‌ಒ ಎರಡೂ ಸೊನ್ನೆಗೆ ಬಂದರೆ ಮಾತ್ರ ಜಾಬ್ ಹಿಡಿಯಿರಿ. ವಾರಕ್ಕೊಮ್ಮೆ ಇದೇ ಪರೀಕ್ಷೆ ನಡೆಯಲಿ.

ಹೋಸ್ ಮಾರುವವರು ಇಡೀ ಕಾಯಿಲ್ ಕೊಳ್ಳಿ ಎಂದರೆ ಒಬ್ಬರೇ ಹೊರೆ ಹೊರಬೇಡಿ. ಉದ್ಯಮಬಾಗದಲ್ಲಿ ಹಳೆಯ ಮಷಿನ್‌ಗೆ ಡಿಆರ್‌ಒ ಹಾಕಿಸಿದವರು ನೀವೊಬ್ಬರೇ ಅಲ್ಲ. ಅಕ್ಕಪಕ್ಕದ ನಾಲ್ಕು ಶಾಪಿನವರು ಸೇರಿ ಒಂದೇ ಅಳತೆಯ ಹೋಸ್, ಒಂದೇ ಬಗೆಯ ಕೇಬಲ್ ತರಿಸಿ ಹಂಚಿಕೊಳ್ಳಿ. ಒಬ್ಬೊಬ್ಬರಿಗೂ ಒಂದು ಸೆಟ್ ಸ್ಪೇರ್ ಉಳಿಯುತ್ತದೆ. ಮುಂದಿನ ಸಲ ಕೇಬಲ್ ಕೈಕೊಟ್ಟರೆ ಮಷಿನ್ ಸಂಜೆಯೊಳಗೆ ಮತ್ತೆ ಓಡುತ್ತದೆ.