ಹಬ್ಬದ ಅನ್ನವೂ ನಿತ್ಯದ ರೊಟ್ಟಿಯೂ

ಗೃಹಕೃತ್ಯದ ಪಾಠಗಳಲ್ಲಿ ಪದಾರ್ಥಗಳ ತೂಕವನ್ನೂ ಬೇಯಿಸುವ ಕಾಲವನ್ನೂ ಹೇಳುವುದು ವಾಡಿಕೆಯಾಗಿದೆ. ಆದರೆ ಒಂದು ಮನೆಯಲ್ಲಿ ನಿತ್ಯದ ಊಟ ಇಂಥದು, ಹಬ್ಬದ ಊಟ ಇಂಥದು ಎಂದು ಗೊತ್ತುಮಾಡುವವರು ಯಾರು ಎಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಈ ಮೂರು ಊರುಗಳ ಅಡಿಗೆಮನೆಗಳನ್ನು ಕಂಡವರಿಗೆ ಈ ಪ್ರಶ್ನೆಯು ಸಣ್ಣದಲ್ಲವೆಂದು ತೋರುವುದು. ಆದಕಾರಣ ಈ ಸಂಚಿಕೆಯನ್ನು ಓದುವ ಪೂರ್ವವಿದ್ಯಾರ್ಥಿನಿಯರ ಹಾಗೂ ಅವರ ತಾಯಿತಂದೆಗಳ ಮುಂದೆ ಅದನ್ನೇ ಇಡುತ್ತೇವೆ.

ನಮ್ಮ ಅಜ್ಜಿಯರ ಕಾಲದಲ್ಲಿ ಎರೆಭೂಮಿಯ ಹಳ್ಳಿಗಳಲ್ಲಿ ನೆಲ್ಲಕ್ಕಿಯ ಅನ್ನವೆಂದರೆ ಹಬ್ಬವೆಂದೇ ಅರ್ಥವಾಗಿತ್ತು. ನಿತ್ಯಕ್ಕೆ ಜೋಳದ ರೊಟ್ಟಿ, ಜೋಳದ ನುಚ್ಚು, ಕೆಲವು ಮನೆಗಳಲ್ಲಿ ನವಣಕ್ಕಿ. ಇಲ್ಲಿಯ ಮಳೆ ವರ್ಷಕ್ಕೆ 20 ಅಂಗುಲಗಳ ಆಚೀಚೆ, ಅದೂ ನಂಬುವಂತಹದಲ್ಲ. ಆದರೆ ಕಪ್ಪು ಎರೆಮಣ್ಣು ತಾನು ಕುಡಿದ ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದ ಕೊನೆಯಲ್ಲಿ ಬಿತ್ತಿದ ಹಿಂಗಾರಿ ಜೋಳವು ಆ ತೇವದಿಂದಲೇ ಬೆಳೆದು ಚಳಿ ಕಳೆಯುವಾಗ ತೆನೆಗಟ್ಟುತ್ತದೆ. ಹೀಗೆ ಬಂದ ಕಾಳನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ತುಂಬಿಡುತ್ತಿದ್ದರು. 1876ರಿಂದ 1878ರವರೆಗಿನ ಮಹಾಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ಎಷ್ಟು ಘೋರವಾಗಿ ಬಾಧಿಸಿತೆಂಬುದನ್ನು ಬಲ್ಲವರಿಗೆ, ಹಗೇವಿನಲ್ಲಿ ಜೋಳವಿರುವ ಮನೆಯನ್ನು ಜನರು ಏಕೆ ಭಾಗ್ಯವಂತ ಮನೆಯೆಂದು ಎಣಿಸುತ್ತಿದ್ದರೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಈಗ ರೊಟ್ಟಿಯ ಪಾಠಕ್ಕೆ ಬರೋಣ. ಗೋದಿಯ ಹಿಟ್ಟಿನಲ್ಲಿ ನೀರು ಬಿದ್ದೊಡನೆ ಎಳೆಯುವ ಒಂದು ಅಂಟುಪದಾರ್ಥವು ಉಂಟಾಗುತ್ತದೆ; ಜೋಳದಲ್ಲಿ ಅದು ಇಲ್ಲ. ಆದಕಾರಣ ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ತಟ್ಟುವಾಗ ಅಂಚೊಡೆಯುತ್ತದೆ. ನಮ್ಮ ಹಿರಿಯರು ಇದಕ್ಕೆ ಕಂಡ ಉಪಾಯವೇ ಎಸರು. ಹಿಟ್ಟಿನ ನಡುವೆ ಗುಣಿ ಮಾಡಿ, ಕುದಿಯುವ ನೀರನ್ನು ಹೊಯ್ದು, ಹಿಡಿಕೆಯಿಂದ ತಿರುವಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಚೆನ್ನಾಗಿ ನಾದಬೇಕು. ಕುದಿನೀರಿನಿಂದ ಹಿಟ್ಟಿನೊಳಗಿನ ಪಿಷ್ಟವು ಉಬ್ಬಿ ಅರೆಬೆಂದು ಜಿಗುಟಾಗುತ್ತದೆ. ಆ ಜಿಗುಟೇ ರೊಟ್ಟಿಯನ್ನು ಒಂದಾಗಿ ಹಿಡಿಯುತ್ತದೆ. ಬೀಸಿ ಬಹಳ ದಿನವಾದ ಹಿಟ್ಟು ಈ ಕೆಲಸಕ್ಕೆ ಬಾರದು. ಹಿಟ್ಟನ್ನು ಹಲಗೆಯ ಮೇಲೆ ತಿರುಗಿಸುತ್ತ ತಟ್ಟಿ, ಕಾದ ಹಂಚಿಗೆ ಹಾಕಿದೊಡನೆ ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಸವರದಿದ್ದರೆ ಮೇಲಿನ ಒಣಹಿಟ್ಟು ಸೀದು ಬಿರಿಯುತ್ತದೆ. ತಿರುವಿಹಾಕಿದ ಮೇಲೆ ಒಳಗಿನ ತೇವವು ಹಬೆಯಾಗಿ ರೊಟ್ಟಿಯನ್ನು ಉಬ್ಬಿಸುತ್ತದೆ.

ನಾವು ಮೊದಲ ಸಲ ತಟ್ಟಿದ ರೊಟ್ಟಿಯು ಹಂಚಿಗೆ ಹೋಗುವ ಮೊದಲೇ ಮೂರು ತುಂಡಾಯಿತು. “ನೀರು ಇನ್ನೂ ಕುದ್ದಿಲ್ಲವ್ವಾ, ಅವಸರ ಮಾಡಿದಿ” ಎಂದು ಅಜ್ಜಿ ಹೇಳಿದಳೇ ಹೊರತು ಪಿಷ್ಟದ ಮಾತೆತ್ತಲಿಲ್ಲ. ಪುಸ್ತಕದಲ್ಲಿ ಕಾರಣವನ್ನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಕಾರಣ ತಿಳಿದ ಮಾತ್ರಕ್ಕೆ ಕೈ ಪಳಗುವುದಿಲ್ಲವೆಂಬುದೂ ಆಗಲೇ ತಿಳಿಯಿತು.

ಈ ರೊಟ್ಟಿಯೊಡನೆ ಪುಂಡಿಪಲ್ಯ, ಎಣ್ಣೆಗಾಯಿ, ಗುರೆಳ್ಳಿನ ಪುಡಿ, ಶೇಂಗಾ ಪುಡಿ, ಹಸಿ ಉಳ್ಳಾಗಡ್ಡಿ, ಮೊಸರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕ, 10 ಗ್ರಾಂ ನಾರು, 4 ಮಿಲಿಗ್ರಾಂನಷ್ಟು ಕಬ್ಬಿಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸಸಾರಜನಕವು 8 ಗ್ರಾಂ, ನಾರು 3 ಗ್ರಾಂಗೂ ಕಡಿಮೆ, ಕಬ್ಬಿಣವು 1 ಮಿಲಿಗ್ರಾಂ ಕೂಡ ಇಲ್ಲ. ಕಾಳಿನ ಕಬ್ಬಿಣವು ಮೈಗೆ ಸುಲಭವಾಗಿ ಹತ್ತುವಂತಹದಲ್ಲ. ಊಟದೊಡನೆ ನಿಂಬೆಯ ಹುಳಿ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ. ಊಟ ಮುಗಿದೊಡನೆ ಚಹ ಕುಡಿದರೆ ಅದೇ ಕಬ್ಬಿಣವು ಕಡಿಮೆ ಹತ್ತುತ್ತದೆ. ಈ ಚಹದ ಅಭ್ಯಾಸವನ್ನು ನಮ್ಮ ಮನೆಗಳು ಗಮನಿಸಬೇಕು.

ಕುರುಗೋಡಿನ ಕಡೆಯ ಹಬ್ಬಗಳಲ್ಲಿ ದೊಡ್ಡಬಸವೇಶ್ವರನ ತೇರು ಪ್ರಸಿದ್ಧವಾದುದು. ಆದರೆ ನಮಗೆ ಪ್ರಿಯವಾದದ್ದು ಎಳ್ಳ ಅಮಾವಾಸ್ಯೆ. ಆಗ ಹೊಲದಲ್ಲಿ ಜೋಳ ಎದ್ದು ನಿಂತಿರುತ್ತದೆ. ಮನೆಯವರೆಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಪೈರಿನ ನಡುವೆ ಚರಗ ಚೆಲ್ಲಿ, ಅನಂತರ ನೆರಳಿನಲ್ಲಿ ಕುಳಿತು ಉಣ್ಣುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಚಿತ್ರಾನ್ನ, ಮೊಸರನ್ನ. ಇವುಗಳಲ್ಲಿ ಹೆಚ್ಚಿನವು ಹಿಂದಿನ ದಿನ ಮಾಡಿಟ್ಟರೂ ಕೆಡದಂತಹವು. ಹೊಲದಲ್ಲಿ ಒಲೆ ಹಚ್ಚಬೇಕಾಗಿಲ್ಲ. ಆದುದರಿಂದ ಆ ಒಂದು ದಿನ ಅಡಿಗೆ ಮಾಡಿದವಳೂ ಎಲ್ಲರೊಡನೆ ಕುಳಿತು ಉಣ್ಣುತ್ತಾಳೆ. ವರ್ಷದ ಇತರ ಹಬ್ಬಗಳಲ್ಲಿ ಅವಳಿಗೆ ಈ ಸೌಕರ್ಯವಿಲ್ಲ.

ಹೋಳಿಗೆಯ ಮಾತು ಬಂದುದರಿಂದ ಒಂದು ಮಿತವ್ಯಯದ ಪಾಠವನ್ನೂ ಹೇಳಿಬಿಡುವೆವು. ಕಡಲೆಬೇಳೆಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ, ನೀರು ಬಸಿದು, ಬೇಳೆಗೆ ಸಮತೂಕದ ಬೆಲ್ಲ ಕೂಡಿಸಿದರೆ ಹೂರಣ. ಬಸಿದ ಕಟ್ಟಿಗೆ ಒಂದು ಮುಷ್ಟಿ ಬೆಂದ ಬೇಳೆ, ಹುಣಿಸೆಹುಳಿ, ಮಸಾಲೆ ಬಿದ್ದರೆ ಕಟ್ಟಿನ ಸಾರು. ಬೇಳೆಯ ಸತ್ತ್ವದಲ್ಲಿ ಒಂದು ಪಾಲು ಆ ನೀರಿನಲ್ಲಿಯೇ ಇರುವುದರಿಂದ ಅದನ್ನು ಚೆಲ್ಲುವುದು ದಡ್ಡತನ. ಯುಗಾದಿಯ ಮರುದಿನ ಉಣ್ಣುವ ಸಾರೇ ಹೋಳಿಗೆಗಿಂತ ರುಚಿಯೆನ್ನುವವರಿದ್ದಾರೆ. ನಾವೂ ಆ ಪಕ್ಷದವರು.

ಸಿರುಗುಪ್ಪದ ಕಥೆ ಬೇರೆ. ತುಂಗಭದ್ರೆಯ ದಂಡೆಯಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳಿದ್ದು, ಅವುಗಳ ಬುಡದಲ್ಲಿ ಬತ್ತ ಬೆಳೆಯುತ್ತಿತ್ತು. ಆದರೆ ಅಕ್ಕಿಯು ಸೀಮೆಗೆಲ್ಲ ನಿತ್ಯದ ಊಟವಾದದ್ದು ಹೊಸಪೇಟೆಯ ಬಳಿ ಅಣೆಕಟ್ಟು ಎದ್ದ ಮೇಲೆ. ಅದರ ಕೆಲಸವು 1945ರಲ್ಲಿ ಆರಂಭವಾಗಿ 1953ರಲ್ಲಿ ಕಾಲುವೆಗೆ ನೀರು ಬಂದಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿಯು ಮದರಾಸು ಸಂಸ್ಥಾನದಿಂದ ಮೈಸೂರಿಗೆ ಸೇರಿತು. ಹೆಂಗಸರ ದಿನಚರಿಯನ್ನು ಹೆಚ್ಚು ಬದಲಿಸಿದ್ದು ಕಾಲುವೆಯ ನೀರೇ ಎಂದು ನಮ್ಮ ಅಭಿಪ್ರಾಯ. ಜೋಳದ ಹೊಲಗಳು ಗದ್ದೆಗಳಾದವು. ಸಿರುಗುಪ್ಪದ ಸೋನಾ ಮಸೂರಿಯು ದೂರದ ಪೇಟೆಗಳಿಗೂ ಹೋಗತೊಡಗಿತು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಿಂದ ಬಡವರ ಮನೆಗೂ ಅಕ್ಕಿ ಬಂದಿತು. ಇದನ್ನು ಹಳಿಯುವವರ ಗುಂಪಿಗೆ ನಾವು ಸೇರಿದವರಲ್ಲ. ಹಸಿವನ್ನು ಕಂಡ ಸೀಮೆಯು ಅನ್ನವನ್ನು ಹಳಿಯಬಾರದು. ಆದರೆ 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ ಗದ್ದೆಯ ರೈತರಿಗೆ ಎಂತಹ ದಿಗಿಲು ಹುಟ್ಟಿತೆಂಬುದನ್ನು ಕಂಡಿದ್ದೇವೆ. ಅಷ್ಟೊಂದು ನೀರನ್ನು ಬೇಡದ ಒಂದು ಕಾಳು ನಮ್ಮಲ್ಲಿ ಉಂಟೆಂಬುದು ಮರೆತುಹೋಗಬಾರದು.

ಹೀಗೆ ಅನ್ನವು ನಿತ್ಯದ್ದಾಯಿತು. ರೊಟ್ಟಿಯು ಮೆಲ್ಲಮೆಲ್ಲಗೆ ಹಬ್ಬದ ಪಂಕ್ತಿಗೆ ಹೋಗಿ ಕುಳಿತಿತು. ಈಗ ಪರಸ್ಥಳದಿಂದ ರಜೆಗೆ ಬರುವ ಮಗಳು ತಾಯಿಯನ್ನು ಕೇಳುವುದು ರೊಟ್ಟಿ ಪುಂಡಿಪಲ್ಯವನ್ನು. ಬಳ್ಳಾರಿ ನಗರದಲ್ಲಿ ಒಣಗಿಸಿದ ಕಡಕ್ ರೊಟ್ಟಿಯನ್ನು ಅಂಗಡಿಯಿಂದ ಕೊಂಡುತರುವ ಮನೆಗಳೇ ಬಹಳ. ಪರೀಕ್ಷೆ ಪಾಸಾದರೆ, ನೆಂಟರು ಬಂದರೆ, ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಅದು ಅರ್ಧ ಗಂಟೆಯ ಕೆಲಸ, ಮನೆಮಂದಿಗೆಲ್ಲ ಸಂತೋಷ. ಹುಟ್ಟುಹಬ್ಬಕ್ಕೆ ಬೇಕರಿಯ ಕೇಕು.

ರೊಟ್ಟಿಯನ್ನು ಬಿಟ್ಟವರು ಸೋಮಾರಿಗಳೆಂದು ಕೆಲವು ಹಿರಿಯರು ಆಡುವುದನ್ನು ಕೇಳಿದ್ದೇವೆ. ಇದು ನ್ಯಾಯವಲ್ಲ, ಲೆಕ್ಕ ಹಾಕಿ ನೋಡಿರಿ. ಆರು ಜನರ ಮನೆಯಲ್ಲಿ ತಲೆಗೆ ಮೂರರಂತೆ 18 ರೊಟ್ಟಿ. ಒಂದಕ್ಕೆ ಮೂರು ನಿಮಿಷ ಹಿಡಿದರೂ, ಎಸರು, ನಾದುವಿಕೆ ಸೇರಿ ಒಂದು ಗಂಟೆಗೆ ಮೇಲಾಗುವುದು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ರೊಟ್ಟಿಯು ಬಿಸಿಯಾಗಿರಬೇಕೆಂದು ಉಳಿದವರು ಉಣ್ಣುತ್ತಿರುವಾಗಲೇ ಅವಳು ಬೆಂಕಿಯ ಮುಂದೆ ಕುಳಿತಿರಬೇಕು. ಕೊನೆಗೆ ಅವಳ ಪಾಲಿಗೆ ಉಳಿಯುವುದು ಒಡೆದ ರೊಟ್ಟಿ, ತಳದ ಪಲ್ಯ. ಒಲೆಯ ಮೇಲಿಟ್ಟ ಅನ್ನವಾದರೋ ತಾನೇ ಬೇಯುತ್ತದೆ. ಕೆಲಸಕ್ಕೆ ಹೋಗುವ ನಮ್ಮ ಪೂರ್ವವಿದ್ಯಾರ್ಥಿನಿಯರು ಅನ್ನವನ್ನು ಆರಿಸಿಕೊಂಡುದರಲ್ಲಿ ಆಶ್ಚರ್ಯವೇನು?

ಆದಕಾರಣ ರೊಟ್ಟಿ ಉಳಿಯಬೇಕೆನ್ನುವವರು ಮೊದಲು ಆ ಒಂದು ಗಂಟೆಯನ್ನು ಹಂಚಿಕೊಳ್ಳಬೇಕು. ನಮಗೆ ಪರಿಚಿತವಾದ ಒಂದು ಮನೆಯಲ್ಲಿ ರವಿವಾರ ಮಧ್ಯಾಹ್ನ ತಾಯಿ ತಟ್ಟುತ್ತಾಳೆ, ಮಗ ಬೇಯಿಸುತ್ತಾನೆ, ತಂದೆ ಉಳ್ಳಾಗಡ್ಡಿ ಹೆಚ್ಚುತ್ತಾನೆ. ಅರ್ಧವನ್ನು ಬಿಸಿಯಾಗಿ ಉಂಡು, ಉಳಿದುದನ್ನು ಒಣಗಿಸಿ ವಾರಕ್ಕೆ ಕಟ್ಟಿಡುತ್ತಾರೆ. ಮೊದಮೊದಲು ಮಗನು ನೀರು ಸವರುವುದನ್ನು ಮರೆತು ಅನೇಕ ರೊಟ್ಟಿಗಳನ್ನು ಸುಟ್ಟನಂತೆ. ಈಗ ಅವನೇ ತಟ್ಟುವುದಕ್ಕೂ ಕೂಡುತ್ತಾನೆ. ಕಳೆದ ವರ್ಷ ಅವನ ಹುಟ್ಟುಹಬ್ಬಕ್ಕೆ ಕೇಕಿನ ಬದಲು ಸಜ್ಜೆ ರೊಟ್ಟಿ, ಬೆಣ್ಣೆ, ಮಾದಲಿ ಮಾಡಿ ನೆರೆಯ ನಾಲ್ಕು ಮನೆಗಳಿಗೆ ತಟ್ಟೆ ಕಳುಹಿದರು. ಕ್ರಿಸ್‌ಮಸ್ಸಿನ ಕರ್ಜಿಕಾಯಿ, ಮೊಹರಮ್ಮಿನ ಚೋಂಗೆ, ಪಂಚಮಿಯ ಉಂಡೆ ಹೀಗೆಯೇ ಆ ಓಣಿಯಲ್ಲಿ ಓಡಾಡುವುದುಂಟು; ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ. ಆ ಸಂಜೆ ಹೊಸ್ತಿಲಿಗೆ ಬಂದ ನೆರೆಮನೆಯ ಅಜ್ಜಿಯು ತಟ್ಟೆಯಲ್ಲಿ ಸಕ್ಕರೆ ಹಾಕಿ ಕೊಡುತ್ತ, “ರೊಟ್ಟಿ ಯಾರು ಬಡಿದರವ್ವಾ, ಅಂಚು ಒಂದೂ ಒಡೆದಿಲ್ಲ” ಎಂದು ಕೇಳಿದಳು. ತಾಯಿಯು ಒಳಗಿದ್ದ ಮಗನನ್ನು ಕರೆದಳು.