ಹೆರಿಗೆಗೆ ಮುಂಚೆ ಗೊತ್ತುಮಾಡತಕ್ಕ ಸಹಾಯ

ಕಾಫಿ ಕೊಯ್ಲಿಗೆ ಆಳುಗಳನ್ನು ಎಷ್ಟೋ ಮುಂಚಿತವಾಗಿ ಗೊತ್ತುಮಾಡುವ ಮನೆಯವರೇ, ಬಸುರಿಯಾದ ಸೊಸೆಗೆ ಹೆರಿಗೆ ಮಾಡಿಸುವವರು ಯಾರು, ಅದು ಎಲ್ಲಿ ಆಗಬೇಕು ಎಂಬದನ್ನು ನೋವು ಬಂದ ರಾತ್ರಿಯಲ್ಲಿ ಆಲೋಚಿಸುವದುಂಟು. ಕೊಡಗಿನಂಥ ಬೆಟ್ಟದ ಸೀಮೆಯಲ್ಲಿ ಇದು ಪ್ರಾಣಕ್ಕೆ ತರುವ ಅಲಕ್ಷ್ಯವಾಗಿದೆ.

ರಾಹೇಲಳು ಎಫ್ರಾತದ ದಾರಿಯಲ್ಲಿ ಹೆತ್ತು ತೀರಿಹೋದಾಗ ಸೂಲಗಿತ್ತಿಯು ಅವಳ ಬಳಿಯಲ್ಲಿಯೇ ಇದ್ದಳೆಂದು ಆದಿಕಾಂಡದಲ್ಲಿ ಓದುತ್ತೇವೆ. ಆಕೆಯು ಧೈರ್ಯ ಹೇಳಿದಳು. ಅದಕ್ಕಿಂತ ಹೆಚ್ಚಿನದು ಆಕೆಯ ಕೈಯಲ್ಲಿದ್ದಿಲ್ಲ. ಸೂಲಗಿತ್ತಿಯರನ್ನು ಹೀನೈಸಬೇಕೆಂದು ನಾವು ಇದನ್ನು ಬರೆಯುವದಿಲ್ಲ. ಪಾವಗಡ ತಾಲೂಕಿನ ಕೃಷ್ಣಾಪುರದ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕೂಲಿಯಿಲ್ಲದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಹೊಂದಿ, ಅದೇ ವರುಷದ ಡಿಸೆಂಬರ್ 25ರಂದು ತೀರಿಕೊಂಡರು. ಆದರೂ ಅಂಥ ಪಳಗಿದ ಕೈಗಳಿಗೆ ಮೀರಿದ ಸಂಗತಿಗಳುಂಟು. ಕೂಸು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶವು ಬಿಗಿದುಕೊಳ್ಳದೆ ಹೋದರೆ ರಕ್ತವು ಸುರಿಯುತ್ತಲೇ ಇದ್ದು, ಕೆಲವು ವೇಳೆ ಎರಡು ತಾಸಿನೊಳಗೆ ತಾಯಿಯ ಪ್ರಾಣವು ಹೋಗುತ್ತದೆ. ಆಗ ಬೇಕಾದದ್ದು ಆಕ್ಸಿಟೋಸಿನ್ ಎಂಬ ಸೂಜಿಮದ್ದು, ಹೊಂದುವಂಥ ರಕ್ತ, ಅಗತ್ಯವಾದರೆ ಶಸ್ತ್ರಚಿಕಿತ್ಸೆ. ಯಾವ ಕಷಾಯವೂ ಅದನ್ನು ನಿಲ್ಲಿಸಲಾರದು.

ಆದಕಾರಣ ಹೆರಿಗೆ ಮಾಡಿಸುವದಕ್ಕೆ ತರಬೇತಿ ಹೊಂದಿದ ದಾದಿಯನ್ನಾಗಲಿ ವೈದ್ಯರನ್ನಾಗಲಿ ಆರಿಸಿಕೊಳ್ಳತಕ್ಕದ್ದು. ಆಶಾ ಕಾರ್ಯಕರ್ತೆಯು ಹೆರಿಗೆ ಮಾಡಿಸುವವಳಲ್ಲ. ಆಸ್ಪತ್ರೆಗೆ ಜೊತೆಯಾಗಿ ಬರುವವಳು. ಇವೆರಡನ್ನು ಬೆರಸಬಾರದು. ಮುಟ್ಟು ನಿಂತದ್ದು ತಿಳಿದ ಕೂಡಲೇ ಹೆಸರು ಬರೆಯಿಸಿ, ಹೆರಿಗೆಯೊಳಗೆ ಕಡಿಮೆಯಾದರೆ ನಾಲ್ಕು ಸಾರಿ ಪರೀಕ್ಷೆ ಮಾಡಿಸಬೇಕು. 2016ರಿಂದ ಪ್ರತಿ ತಿಂಗಳ 9ನೆಯ ತಾರೀಖಿನಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ತುಂಬುತ್ತಾ ಬಂದ ಗರ್ಭಿಣಿಯರನ್ನು ವೈದ್ಯರು ಹಣವಿಲ್ಲದೆ ನೋಡುತ್ತಾರೆ. ಹಿಮೋಗ್ಲೋಬಿನ್ 11 ಗ್ರಾಮಿಗೆ ಕಡಿಮೆಯಾದರೆ ರಕ್ತಹೀನತೆ. 7ಕ್ಕೂ ಇಳಿದರೆ ಮಹಾ ಅಪಾಯ, ಯಾಕಂದರೆ ಅಂಥವಳು ಸ್ವಲ್ಪ ರಕ್ತಸ್ರಾವವನ್ನೂ ತಾಳಲಾರಳು. ರಕ್ತದೊತ್ತಡವು 140/90ಕ್ಕೆ ಏರಿದರೆ, ಮುಖ ಬಾತು ತಲೆ ಸಿಡಿದು ಕಣ್ಣು ಮಂಜಾದರೆ, ಅದು ಗಾಳಿ ಸೋಕಿದ್ದಲ್ಲ. ಫಿಟ್ಸ್ ಬರುವ ಮುಂಚೆ ಆಸ್ಪತ್ರೆಗೆ ಮುಟ್ಟಿಸತಕ್ಕದ್ದು.

ಹಾಗಾದರೆ ಊರಿನ ಅನುಭವಸ್ಥ ಅಜ್ಜಿಯು ಏನು ಮಾಡಬೇಕು? ಆಕೆಯನ್ನೂ ಕರಕೊಂಡು ಹೋಗಿರಿ. ಹೆರುವವಳು ತನಗೆ ಬೇಕಾದ ಒಬ್ಬಳನ್ನು ಹತ್ತಿರ ಇಟ್ಟುಕೊಳ್ಳುವದು ಒಳ್ಳೇದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಬೆನ್ನು ತೀಡುವ ಆ ಕೈಗೆ ಬದಲಿಲ್ಲ.

ಆಸ್ಪತ್ರೆಯನ್ನು ಆರಿಸುವಾಗ ಕಟ್ಟಡದ ಅಂದವನ್ನು ನೋಡದೆ, ರಾತ್ರಿಯಲ್ಲಿ ಹೆರಿಗೆ ಮಾಡಿಸುವವರು ಇರುವರೋ, ಕೊಯ್ದು ಕೂಸನ್ನು ತೆಗೆಯುವ ಅನುಕೂಲವುಂಟೋ, ರಕ್ತವು ಎಲ್ಲಿಂದ ಬರುವದು ಎಂದು ನಾಚಿಕೆಯಿಲ್ಲದೆ ಕೇಳಬೇಕು. ಸಹಜವಾದ ಹೆರಿಗೆಗೆ ಹತ್ತಿರದ ಆಸ್ಪತ್ರೆಯು ಸಾಕಾಗಬಹುದು. ಹಿಂದೆ ಕೊಯ್ದು ಹೆತ್ತವಳೂ ಅವಳಿ ಕೂಸುಗಳನ್ನು ಹೊತ್ತವಳೂ ಮೊದಲಿನಿಂದಲೇ ದೊಡ್ಡ ಆಸ್ಪತ್ರೆಗೆ ಗೊತ್ತಾಗಿರಬೇಕು.

ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವದು ನಮ್ಮಲ್ಲಿ ವಾಡಿಕೆ. ಒಳ್ಳೇದೇ, ಆದರೆ ಆರು ತಿಂಗಳು ಅವಳನ್ನು ನೋಡಿದ ದಾದಿಯು ಇಲ್ಲಿ ಉಳಿಯುತ್ತಾಳೆ, ತವರೂರಿನವಳಿಗೆ ಅವಳ ಸಂಗತಿ ತಿಳಿಯದು. ತಾಯಿ ಕಾರ್ಡನ್ನು ಸೀರೆಗಳ ಸಂಗಡ ಪೆಟ್ಟಿಗೆಯಲ್ಲಿ ಹಾಕದೆ ಕೈಯಲ್ಲಿ ಕೊಟ್ಟು ಕಳುಹಿಸಿರಿ. ಹೋದ ವಾರವೇ ಅಲ್ಲಿಯ ದಾದಿಗೆ ಅದನ್ನು ತೋರಿಸಲಿ.

ಇನ್ನು ದಾರಿಯ ವಿಷಯ. ವಿರಾಜಪೇಟೆಯಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರು. ಬೇಸಿಗೆಯಲ್ಲಿ ಅದು ದೊಡ್ಡದಲ್ಲ. 2018ರ ಆಗಸ್ಟಿನಲ್ಲಿ ಬೆಟ್ಟ ಜರಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿಹೋದದ್ದನ್ನು ಕೊಡಗಿನವರು ಮರೆಯರು. 2008ರಿಂದ ನಮ್ಮ ರಾಜ್ಯದಲ್ಲಿ 108ಕ್ಕೆ ಕರೆದರೆ ಆಂಬುಲೆನ್ಸ್ ಬರುತ್ತದೆ. ಬಿದ್ದ ಮರವನ್ನು ದಾಟಿ ಅದು ಬರಲಾರದು. ಜೂನಿನಿಂದ ಸೆಪ್ಟೆಂಬರಿನ ತನಕ ದಿನ ತುಂಬುವವಳು ದೂರದ ತೋಟದ ಲೈನ್ ಮನೆಯಲ್ಲಿಯೋ ಹಾಡಿಯ ಬದಿಯಲ್ಲಿಯೋ ಇದ್ದರೆ, ಎರಡು ವಾರ ಮುಂಚೆ ಆಸ್ಪತ್ರೆಯ ಹತ್ತಿರವಿರುವ ಬಂಧುಗಳ ಮನೆಗೆ ಅವಳನ್ನು ಸೇರಿಸಿರಿ. ಬಂಧುಗಳಿಲ್ಲದಿದ್ದರೆ ಆಶಾ ಕಾರ್ಯಕರ್ತೆಯ ಸಂಗಡ ಈಗಲೇ ಮಾತಾಡಿರಿ.