ಹಂದಿಗೋಡು ಕಾಯಿಲೆ: ಲಕ್ಷಣಗಳು ಮತ್ತು ಸದಸ್ಯರ ಹೊಣೆ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಮೊದಲು ಗಮನಕ್ಕೆ ಬಂದ ಮೂಳೆ ಹಾಗೂ ಕೀಲುಗಳ ವ್ಯಾಧಿಗೆ ಆ ಊರಿನ ಹೆಸರೇ ನಿಂತಿದೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಗ್ರಾಮಗಳಲ್ಲಿ ಇದು ಕಂಡುಬಂದಿದೆ. ಆರಂಭದಲ್ಲಿ ಗದ್ದೆಯ ಏಡಿ, ಕೀಟನಾಶಕ ಹಾಗೂ ಅಪೌಷ್ಟಿಕತೆಯ ಮೇಲೆ ಸಂಶಯವಿತ್ತು. ಬಾಧಿತ ಕುಟುಂಬಗಳ ವಂಶಾವಳಿ ಮತ್ತು ಎಕ್ಸ್-ರೇ ಚಿತ್ರಗಳ ಅಧ್ಯಯನದ ನಂತರ ಇದು ಆನುವಂಶಿಕ ಕಾಯಿಲೆಯೆಂದು ತಜ್ಞರು ಗುರುತಿಸಿದರು.

ಗಮನಿಸಬೇಕಾದ ಲಕ್ಷಣಗಳು

1. ಸೊಂಟದ ಕೀಲು ಮತ್ತು ಮೊಣಕಾಲುಗಳಲ್ಲಿ ನೋವು. ಇದು ಕೆಲವರಲ್ಲಿ ಬಾಲ್ಯದಲ್ಲಿ, ಕೆಲವರಲ್ಲಿ ಪ್ರಾಯ ಬಂದ ಮೇಲೆ ತೋರಿ, ಕ್ರಮೇಣ ಹೆಚ್ಚುತ್ತದೆ.
2. ಎರಡೂ ಕಡೆಗೆ ವಾಲುತ್ತಾ ನಡೆಯುವುದು. ಕುಕ್ಕರುಗಾಲಿನಲ್ಲಿ ಕೂರಲು, ಎದ್ದು ನಿಲ್ಲಲು ಕಷ್ಟಪಡುವುದು.
3. ಕೆಲವರಲ್ಲಿ ಎತ್ತರ ಸಾಮಾನ್ಯವಾಗಿದ್ದು ಕೀಲುಗಳು ಮಾತ್ರ ಸವೆಯುತ್ತವೆ. ಇನ್ನು ಕೆಲವರಲ್ಲಿ ಬೆನ್ನುಮೂಳೆಯೂ ಬಾಧಿತವಾಗಿ ದೇಹ ಗಿಡ್ಡವಾಗುತ್ತದೆ.
4. ವ್ಯಾಧಿ ಉಲ್ಬಣಿಸಿದಾಗ ಕೋಲಿನ ಆಸರೆ ಬೇಕಾಗುತ್ತದೆ. ಕೆಲವರು ನಡೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾರೆ.

ಇಂಥ ನೋವು, ನಡಿಗೆಯ ದೋಷಗಳು ರಿಕೆಟ್ಸ್, ಫ್ಲೋರೋಸಿಸ್ ಮುಂತಾದ ಕಾಯಿಲೆಗಳಲ್ಲೂ ಇರಬಹುದು. ಆದುದರಿಂದ ನೋಡಿದ ಮಾತ್ರಕ್ಕೆ ಕಾಯಿಲೆಯ ಹೆಸರು ಹೇಳಬಾರದು. ಎಕ್ಸ್-ರೇ ಮತ್ತು ವೈದ್ಯರ ಪರೀಕ್ಷೆಯಿಂದಲೇ ಅದು ನಿರ್ಧಾರವಾಗಬೇಕು.

ತಪ್ಪು ತಿಳಿವಳಿಕೆ ನಿವಾರಣೆ

ಈ ಕಾಯಿಲೆ ಸ್ಪರ್ಶದಿಂದಾಗಲಿ, ಸಹಭೋಜನದಿಂದಾಗಲಿ, ಒಂದೇ ಬಾವಿಯ ನೀರಿನಿಂದಾಗಲಿ ಹರಡುವುದಿಲ್ಲ. ಶಾಪವೂ ಅಲ್ಲ. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಗಂಡು ಹೆಣ್ಣೆಂಬ ಭೇದವಿಲ್ಲ. ಸೊಸೆಯ ಮೇಲೆ ಅಥವಾ ಕೇರಿಯ ಮೇಲೆ ದೋಷ ಹೊರಿಸುವುದು ಅನ್ಯಾಯ. ಸಂಪೂರ್ಣ ಗುಣಪಡಿಸುವ ಔಷಧಿ ಇಲ್ಲವಾದರೂ ನೋವುಶಮನ, ಫಿಸಿಯೋಥೆರಪಿ ಹಾಗೂ ಅಗತ್ಯವಿದ್ದವರಿಗೆ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಿಂದ ಬದುಕು ಸುಗಮವಾಗಬಲ್ಲದು.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

1. ವಾರ್ಡಿನಲ್ಲಿ ಲಕ್ಷಣಗಳುಳ್ಳವರನ್ನು ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. 18 ವರ್ಷದೊಳಗಿನವರನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸುವುದು.
2. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವಿನಿಂದ ಯುಡಿಐಡಿ ಕಾರ್ಡಿಗೆ ಅರ್ಜಿ ಸಲ್ಲಿಸುವುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ ಚಲನ ವೈಕಲ್ಯವೂ, ವಯಸ್ಕರಲ್ಲಿ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಎತ್ತರಕ್ಕೆ ಕಾರಣವಾಗುವ ಕುಬ್ಜತೆಯೂ ಸೇರಿವೆ.
3. ವಿಕಲಚೇತನರಿಗೆ ಮೀಸಲಾದ ಶೇ. 5ರ ಅನುದಾನದಿಂದ ಊರುಗೋಲು, ಗಾಲಿಕುರ್ಚಿ, ಎತ್ತರದ ಆಸನವುಳ್ಳ ಶೌಚಾಲಯ ಇತ್ಯಾದಿಗಳಿಗೆ ಕ್ರಿಯಾಯೋಜನೆಯಲ್ಲಿ ಅವಕಾಶ ಕಲ್ಪಿಸುವುದು.
4. ಬಾಧಿತರ ಹೆಸರುಗಳನ್ನು ಕಾಯಿಲೆಯೊಂದಿಗೆ ಗ್ರಾಮಸಭೆಯಲ್ಲಿ ಓದದಿರುವುದು, ಫಲಕದಲ್ಲಿ ಪ್ರಕಟಿಸದಿರುವುದು. ಮನೆಯ ಹೆಣ್ಣುಮಕ್ಕಳ ವಿವಾಹ, ಮಕ್ಕಳ ಶಾಲೆ, ದುಡಿಯುವವರ ಕೂಲಿ ಈ ಗೋಪ್ಯತೆಯನ್ನೇ ಅವಲಂಬಿಸಿರುತ್ತವೆ.

ಕುಂಟುತ್ತಾ ಶಾಲೆಗೆ ಬರುವ ಮಗುವನ್ನು ಮೊದಲು ಕಾಣುವವರು ಆ ವಾರ್ಡಿನ ಸದಸ್ಯರೇ ಆಗಿರಬಹುದು. ಆ ಮಗು ಶಾಲೆ ಬಿಡುವ ಮುನ್ನ ವೈದ್ಯರನ್ನು ತಲುಪುವಂತೆ ನೋಡಿಕೊಳ್ಳುವುದು ಸದಸ್ಯರ ಕರ್ತವ್ಯವಾಗಿದೆ.